ಉಜ್ಜಿ ಉಳಿಸಿದ ನೀಲಿ

ಬಸವಕಲ್ಯಾಣದಲ್ಲಿ ಲಾರಿಗಳ ಬಾಡಿ ಕಟ್ಟುವ ಶೆಡ್ಡುಗಳ ಸಾಲಿಗೆ ಹೋಗಿ ಸಂಘಪಾಲ ಎಲ್ಲಿ ಎಂದು ಕೇಳಿದರೆ, "ಯಾವ ಸಂಘಪಾಲರಿ? ಬಣ್ಣ ಹೊಡೆಯಾಂವನೋ, ಬಣ್ಣ ಕೆರೆಯಾಂವನೋ?" ಎಂದು ತಿರುಗಿ ಕೇಳಿ ನಗುತ್ತಿದ್ದರು. ಇಬ್ಬರೂ ಒಬ್ಬನೇ. ಹೊಟ್ಟೆಪಾಡಿಗೆ ಜಲಾಲುದ್ದೀನ್ ಮಿಸ್ತ್ರಿಯ ಶೆಡ್ಡಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದ. ಕೈ ಬಿಡುವಾದರೆ ಸಾಕು, ಅದೇ ಶೆಡ್ಡಿನ ಹಿಂದಿರುವ ತಗಡಿನ ಖೋಲಿಗೆ ಹೋಗಿ, ಗುಜರಿಗೆ ಬಿದ್ದ ಲಾರಿಬಾಗಿಲುಗಳ ಬಣ್ಣ ಉಜ್ಜಿ ತೆಗೆಯುತ್ತ ಕೂತುಬಿಡುತ್ತಿದ್ದ. ಊರವರು ಅದನ್ನು ಹುಚ್ಚು ಎಂದರು, ಹೈದರಾಬಾದಿನವರು ಕಲೆ ಎಂದರು. ಅವನು ಇಬ್ಬರಿಗೂ ಎದುರು ಮಾತಾಡಲಿಲ್ಲ.

ಅವನ ಕೆಲಸದ ರೀತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಲಾರಿ ಕೈ ಬದಲಿಸಿದ ಹಾಗೆಲ್ಲ ಬಣ್ಣವೂ ಬದಲಾಗುತ್ತದೆ. ಕಂದಿನ ಕೆಳಗೆ ಹಳದಿ, ಹಳದಿಯ ಕೆಳಗೆ ಹಸಿರು, ಎಲ್ಲದರ ಬುಡದಲ್ಲಿ ಇಟ್ಟಂಗಿ ಕೆಂಪಿನ ಪ್ರೈಮರ್. ಸಂಘಪಾಲ ತಗಡಿನ ಮೇಲೆ ಒಂದು ಗೆರೆಯನ್ನೂ ಎಳೆಯುತ್ತಿರಲಿಲ್ಲ. ನೀರು ಚಿಮುಕಿಸುವುದು, ಪಾಲೀಶ್ ಕಾಗದದಿಂದ ಉಜ್ಜುವುದು, ಕೆಳಗಿನದು ಇಣುಕಿದರೆ ನಿಂತು ನೋಡುವುದು, ಮತ್ತೆ ಉಜ್ಜುವುದು. ಎಲ್ಲಿ ನಿಲ್ಲಿಸಬೇಕು ಎಂಬುದಷ್ಟೇ ಅವನ ವಿದ್ಯೆ. ಆಮೇಲೆ ವಾರ್ನಿಶ್ ಹೊಡೆದು ಗೋಡೆಗೆ ಒರಗಿಸಿಬಿಡುತ್ತಿದ್ದ.

ಮುಖ ಬರೆಯಲು ಬಾರದೆ ಹೀಗೆ ಮಾಡುತ್ತಿದ್ದಾನೆ ಎನ್ನುವವರಿದ್ದರು. ಸುಳ್ಳು. ಹರೆಯದಲ್ಲಿ ಕಲಬುರಗಿಗೆ ಹೋಗಿ ಚಿತ್ರ ಕಲಿತವನು. ಓಣಿಯ ವಿಹಾರದ ಗೋಡೆಯ ಮೇಲೆ ಅವನು ಬರೆದ ಬುದ್ಧನನ್ನು ನೋಡಿ ಮುದುಕಿಯರು ಕಣ್ಣು ಒರೆಸಿಕೊಂಡದ್ದುಂಟು. ಅಷ್ಟು ಚೆನ್ನಾಗಿ ಬರುತ್ತಿದ್ದದ್ದನ್ನು ಬಿಟ್ಟುಬಿಟ್ಟ. "ಮುಖಾ ಬರದ್ರ ಮಂದಿ ಮುಖಾನೇ ನೋಡ್ತಾರ, ಬಣ್ಣ ಯಾರೂ ನೋಡಂಗಿಲ್ಲ" ಎಂದ. ನೀಲಿ ಕಂಡರೆ ಆಕಾಶ ಎನ್ನಬಾರದು, ಕೆಂಪು ಕಂಡರೆ ರಕ್ತ ಎನ್ನಬಾರದು, ಬಣ್ಣಕ್ಕೆ ಊರು ಕೇರಿ ಕೇಳಬಾರದು ಎಂದು ತನ್ನ ಕಣ್ಣನ್ನು ವರ್ಷಗಟ್ಟಲೆ ಪಳಗಿಸಿದ. ಆ ಹಟವೇ ಅವನಿಗೆ ಹೆಸರು ತಂದಿತು, ಅದೇ ಅವನ ಮನೆಗೂ ಮುಳುವಾಯಿತು.

ಸರಿತಾ ಅವನ ಬೆನ್ನಿಗೆ ಬಿದ್ದ ತಂಗಿ. ಕೊಟ್ಟದ್ದು ರಾಜೇಶ್ವರಕ್ಕೆ. ಅವಳ ಗಂಡ ಅಜೀತ ಹಳೆಯ ಮೊಪೆಡ್ಡಿನ ಮೇಲೆ ಕಾಯಿಪಲ್ಯದ ಗಂಟು ಕಟ್ಟಿಕೊಂಡು ಬೆಳಗ್ಗೆ ಬೆಳಗ್ಗೆ ಹುಮನಾಬಾದಿಗೆ ಹೋಗಿ ಮಾರಿ ಬರುತ್ತಿದ್ದ. ನಕ್ಕೋತ ಮಾತಾಡುವ ಮನುಷ್ಯ. ಬಸವಕಲ್ಯಾಣಕ್ಕೆ ಬಂದಾಗಲೆಲ್ಲ ಖೋಲಿಯೊಳಗೆ ಇಣುಕಿ, "ಭಾವಾ, ಇದರಾಗ ಏನದ ಅಂತ ನನಗ ತಿಳೀಲಿಲ್ಲ ಬಿಡು. ಆದ್ರ ಒಲಿ ಮ್ಯಾಲ ಇಟ್ರ ಮಸ್ತ್ ರೊಟ್ಟಿ ಸುಡಬಹುದು" ಎಂದು ಮಷ್ಕಿರಿ ಮಾಡುತ್ತಿದ್ದ. ಬೇರೆ ಯಾರಾದರೂ ಅಂದಿದ್ದರೆ ಸಂಘಪಾಲ ಮುಖ ಊದಿಸುತ್ತಿದ್ದ. ಅಜೀತ ಅಂದರೆ ನಗುತ್ತಿದ್ದ.

ಹೋದ ವರ್ಷ ಏಪ್ರಿಲ್‌ನಲ್ಲಿ, ಬಾಬಾಸಾಹೇಬರ ಜಯಂತಿಯ ಮುಂಚೆ, ಅಜೀತ ಆ ಮೊಪೆಡ್ಡನ್ನು ತಂದು ನಿಲ್ಲಿಸಿ, ಮೆರವಣಿಗೆಗೆ ನೀಲಿ ಹಚ್ಚಿಕೊಡು ಎಂದ. ಡಬ್ಬಿಯ ನೀಲಿ ಸಂಘಪಾಲನಿಗೆ ಹಿಡಿಸಲಿಲ್ಲ. ಅದಕ್ಕೆ ಯಾವುದೋ ಲಾರಿಗೆ ಕಲಸಿ ಉಳಿದ ಹಸಿರು, ಒಂದು ತೊಟ್ಟು ಕಪ್ಪು, ಇಷ್ಟು ಬಿಳಿ ಎಂದು ಕೂಡಿಸುತ್ತ, ಕದಡುತ್ತ, ಬೆಳಕಿಗೆ ಹಿಡಿದು ನೋಡುತ್ತ ಮಧ್ಯಾಹ್ನ ಮಾಡಿದ. "ಭಾವಾ, ಗಾಡಿಗೆ ಬಣ್ಣ ಹಚ್ಚಾಕತ್ತೀಯೋ, ಅದರ ಲಗ್ನಾ ಮಾಡಾಕತ್ತೀಯೋ?" ಎಂದು ಅಜೀತ ಕೇಳಿದ. ಕೊನೆಗೆ ಬಂದ ನೀಲಿ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಮೆರವಣಿಗೆಯಲ್ಲಿ ಎಲ್ಲರ ಗಾಡಿಯೂ ನೀಲಿಯೇ, ಆದರೆ ಅಜೀತನ ಗಾಡಿ ದೂರದಿಂದಲೇ ಗುರುತು ಸಿಗುತ್ತಿತ್ತು.

ಅಂಥ ಮನುಷ್ಯನನ್ನು ಈ ಜನವರಿಯಲ್ಲಿ, ಮಂಜು ಕವಿದ ಒಂದು ಮುಂಜಾನೆ, ರಾಜೇಶ್ವರದ ಆಚೆ ಹೆದ್ದಾರಿಯಲ್ಲಿ ಯಾವುದೋ ಲಾರಿ ಹೊಡೆದು ನಿಲ್ಲದೆ ಹೋಯಿತು. ಚಹಾದಂಗಡಿಯವನು ನೋಡಿದಾಗ ಇನ್ನೂ ಉಸಿರಾಡುತ್ತಿದ್ದನಂತೆ. ನೀರು ಕೇಳಿದನಂತೆ. ಆಂಬ್ಯುಲೆನ್ಸ್ ಬರುವ ಹೊತ್ತಿಗೆ ಮುಗಿದಿತ್ತು. ಗುರುತು ಸಿಗದ ವಾಹನ ಎಂದು ಪೊಲೀಸರು ಕೇಸು ಬರೆದುಕೊಂಡರು, ಗುರುತು ಸಿಗಲೂ ಇಲ್ಲ.

ಸರಿತಾ ಎದೆ ಬಡಿದುಕೊಂಡು ಅಳುವ ಹೆಣ್ಣಲ್ಲ. ಸತ್ತವನ ಹೆಸರಲ್ಲಿ ಮಾಡುವ ಪುಣ್ಯಾನುಮೋದನದ ದಿನ ಮಂದಿಯೆಲ್ಲ ಎದ್ದುಹೋದ ಮೇಲೆ, ಗಂಡನ ಫೋಟೋದ ಮುಂದಿನ ಮೇಣದಬತ್ತಿ ಸರಿಮಾಡಿ ಅಣ್ಣನ ಹತ್ತಿರ ಬಂದು ಕೂತಳು.

"ಅಣ್ಣಾ, ನೀರು ಕೇಳಾವನ್ನ ಹಾದ್ಯಾಗ ಬಿಟ್ಟು ಹೋದಾಂವ ಯಾಂವ ಅಂತ ನನಗ ಗೊತ್ತಾಗಬೇಕು. ನನಗ ಬ್ಯಾರೆ ಏನೂ ಬ್ಯಾಡ. ನೀ ದಿನಾ ಲಾರಿಗೋಳ ನಡುವ ಇರ್ತಿ. ಜಜ್ಜಿದ ಗಾಡಿ ರಿಪೇರಿಗೆ ಎಲ್ಲಿ ಬರ್ತಾವ? ನಿಮ್ಮ ತಾವೇ ಬರ್ತಾವ. ಕಣ್ಣಿಟ್ಟು ನೋಡು."

"ನೋಡ್ತೀನಿ ತಂಗಿ," ಎಂದ ಸಂಘಪಾಲ. "ನನ್ನ ಕಣ್ಣ ತಪ್ಪಿಸಿ ಎಲ್ಲಿ ಹೋದೀತು ಅದು?"

ಆ ಮಾತು ಆಡಬಾರದಿತ್ತು.

ಖರೆ ಹೇಳಬೇಕೆಂದರೆ ಅವನು ನೋಡಿದ. ಶೆಡ್ಡಿಗೆ ಬಂದ ಪ್ರತಿ ಲಾರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಂಪರು ತಡವಿದ. ಆದರೆ ಲಾರಿ ಎಂದ ಮೇಲೆ ಜಜ್ಜಿರುವುದೇ! ಮತ್ತೆ ಆ ಸಾಲಿನಲ್ಲಿ ಒಂದು ಪದ್ಧತಿಯಿದೆ: ಗಾಡಿಗೆ ಏನಾಯಿತು ಎಂದು ಕೆದಕಿ ಕೇಳುವುದಿಲ್ಲ. ಮಾಲಕ ಮರ ಎಂದರೆ ಮರ, ಎಮ್ಮೆ ಎಂದರೆ ಎಮ್ಮೆ. ಕೇಳುವ ಮಿಸ್ತ್ರಿಯ ಶೆಡ್ಡಿಗೆ ಯಾರೂ ಗಾಡಿ ತರುವುದಿಲ್ಲ. ಹಾಗೆ ಬಂದವುಗಳಲ್ಲಿ ಹುಮನಾಬಾದಿನ ದಿಗಂಬರ ಸಾವಕಾರರ ಕಂದು ಬಣ್ಣದ ಲಾರಿಯೂ ಒಂದು. ತೊಗರಿ, ಉದ್ದಿನ ಅಡತ ಅಂಗಡಿಯ ಸಾವಕಾರ, ಗುರುವಾರ ಉಪವಾಸ ಮಾಡುವ ದೈವಭಕ್ತ, ನಾಲ್ಕು ಮಂದಿ ಕೈಮುಗಿಯುವ ಮನುಷ್ಯ. ಬೇವಿನ ಮರಕ್ಕೆ ತಾಕಿತು ಎಂದರು. ಕ್ಲೀನರ್ ಕಡೆಯ ಬಾಗಿಲು ಒಳಗೆ ಹೋಗಿತ್ತು. ಸಂಘಪಾಲ ಬಂಪರು ನೋಡಿದ, ಹೊಸದು, ಹೊಳೆಯುತ್ತಿತ್ತು. ಎದ್ದು ಕೈ ಜಾಡಿಸಿಕೊಂಡ. ಬಂಪರು ಹೊಸದೇಕೆ ಎಂದು ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ.

ಹಳೆಯ ಬಾಗಿಲು ಕಳಚಿ, ಎಂದಿನಂತೆ ಅವನ ಖೋಲಿಯ ಮುಂದೆ ಎಸೆದರು. ಲಾರಿಗೆ ಕಂದು ಹೋಗಿ ಬಿಳಿ ಬಂತು. ಬಿಳಿ ಹೊಡೆದವನು ಸಂಘಪಾಲನೇ. ಲಾರಿ ಲಾತೂರಿನ ಕಡೆಯವರಿಗೆ ಮಾರಾಟವಾಗಿ ಹೋಯಿತು.

ಆ ದಿನಗಳಲ್ಲಿ ಅವನಿಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ಅಜೀತನ ನಗು ಕಿವಿಯಲ್ಲೇ ಇತ್ತು. ದುಃಖ ಬಂದರೆ ಕೆಲವರು ಕುಡಿಯುತ್ತಾರೆ, ಇವನು ಉಜ್ಜುತ್ತಿದ್ದ. ಕೈಗೆ ಸಿಕ್ಕಿದ್ದು ಆ ಬಾಗಿಲು. ಮಣ್ಣು ತೊಳೆದ ಕೂಡಲೇ ಕಂದಿನ ಮೇಲೆ ಅಡ್ಡಡ್ಡ ಎಳೆದುಕೊಂಡು ಹೋದ ಒಂದು ನೀಲಿ ಕಂಡಿತು, ಮೊಳದುದ್ದ. ಅಬ್ಬಾ, ಎಂಥ ನೀಲಿ! ಅವನ ಕೈ ಅಲ್ಲೇ ನಿಂತಿತು. ತಾನೇ ಅರ್ಧ ದಿನ ಕೂತು ಕಲಸಿದ ನೀಲಿ, ತನ್ನ ತಂಗಿಯ ಗಂಡ ಸವಾರಿ ಮಾಡಿದ ನೀಲಿ, ಎದುರಿಗೆ ಬಂದು ಕೂತಿದೆ; ಈ ಮಹಾನುಭಾವ ಅದಕ್ಕೆ ಊರು ಕೇಳಲಿಲ್ಲ, ಹೆಸರು ಕೇಳಲಿಲ್ಲ. ಕೇಳಬಾರದೆಂದು ಕಣ್ಣಿಗೆ ಕಲಿಸಿದವನು ತಾನೇ ಅಲ್ಲವೇ? ಬರೀ ನೋಡಿದ. ನೋಡಿ, ಉಜ್ಜಲು ಕೂತ.

ವಾರಗಟ್ಟಲೆ ಉಜ್ಜಿದ. ಕಂದು ತೆಳುವಾಗಿ ಹಳದಿ ಎದ್ದಿತು, ಹಳದಿ ಹರಿದು ಹಸಿರು ಬಂತು, ಕೆಲವು ಕಡೆ ಬೋಳು ತಗಡು ಬೆಳ್ಳಗೆ ಹೊಳೆಯಿತು. ನೀಲಿಯನ್ನೂ ಉಜ್ಜುತ್ತ ಬಂದು, ಹೆಬ್ಬೆರಳಿನಷ್ಟು ಅಗಲ ಉಳಿದಾಗ ಕೈ ಎತ್ತಿದ. ವಾರ್ನಿಶ್ ಹೊಡೆದ. ಹೈದರಾಬಾದಿನಲ್ಲಿ ಅವನ ತಗಡುಗಳನ್ನು ಪ್ರದರ್ಶನಕ್ಕಿಡುವ ಮೀನಾಜ್ ಎಂಬ ಹೆಣ್ಣುಮಗಳು ಫೋನಿನಲ್ಲಿ ಅದರ ಫೋಟೋ ನೋಡಿ, "ಭಾಯ್, ಇಷ್ಟು ದಿನ ನೀವು ಮಾಡಿದ್ದೆಲ್ಲ ಒಂದು ತೂಕ, ಇದೇ ಒಂದು ತೂಕ. ಒಳಗೆ ಬರುವ ಬಾಗಿಲ ಎದುರಿಗೇ ಇಡ್ತೀನಿ. ಬೇಗ ಕಳಿಸ್ರಿ," ಎಂದಳು. ಸಂಘಪಾಲನಿಗೂ ಗೊತ್ತಿತ್ತು. ಅಂಥದ್ದು ಅವನ ಕೈಯಿಂದ ಹಿಂದೆ ಆಗಿರಲಿಲ್ಲ.

ಏಪ್ರಿಲ್ ಬಂತು. ಪೊಲೀಸರು ಮೊಪೆಡ್ಡನ್ನು ಸರಿತಾಗೆ ಹಿಂದಿರುಗಿಸಿದ್ದರು. ಗುಜರಿಗೆ ಹಾಕು ಎಂದು ಅತ್ತೆಮನೆಯವರು ಹೇಳಿದರೂ ಕೇಳದೆ ಅವಳು ಅದನ್ನು ಟೆಂಪೋದಲ್ಲಿ ಹಾಕಿ ಅಣ್ಣನಿಗೆ ಕಳಿಸಿದಳು. "ನೆಟ್ಟಗ ಮಾಡಿಸಿಕೊಡು. ನಾನೇ ಕಾಯಿಪಲ್ಯ ಹೇರಿಕೊಂಡು ಹೋಗ್ತೀನಿ," ಎಂದು ಫೋನಿನಲ್ಲಿ ಹೇಳಿದಳು. ಟೆಂಪೋದವನು ಗಾಡಿಯನ್ನು ಖೋಲಿಯ ಗೋಡೆಗೆ ಒರಗಿಸಿ ಹೋದ. ಅದರ ಪಕ್ಕದಲ್ಲೇ ಹೈದರಾಬಾದಿಗೆ ಕಳಿಸಲು ಅರ್ಧ ಗೋಣಿ ಸುತ್ತಿದ ಆ ಬಾಗಿಲು ನಿಂತಿತ್ತು.

ಸಂಘಪಾಲ ಮೊಪೆಡ್ಡಿನ ಮುಂದೆ ಕೂತು ಸೊಟ್ಟಗಾದ ಹ್ಯಾಂಡಲ್ಲು ನೋಡುತ್ತಿದ್ದ. ಟ್ಯಾಂಕಿನ ಒಂದು ಮಗ್ಗುಲಲ್ಲಿ ನೀಲಿ ಕೆತ್ತಿಹೋಗಿ, ಗೀರುಗಳ ನಡುವೆ ಕಂದು ಬಣ್ಣ ಮೆತ್ತಿಕೊಂಡಿತ್ತು. ಕಂದು ಎಲ್ಲಿಂದ ಬಂತು ಎಂದು ತಲೆ ಎತ್ತಿದ. ಎದುರಿಗೇ ಇತ್ತು. ಕಂದಿನ ಮೇಲೆ ನೀಲಿ ಅಲ್ಲಿ, ನೀಲಿಯ ಮೇಲೆ ಕಂದು ಇಲ್ಲಿ. ಬಾಗಿಲಿಗೆ ಸುತ್ತಿದ್ದ ಗೋಣಿ ಪೂರ್ತಿ ಕಿತ್ತೆಸೆದು, ಹೊರಗೋಡಿ ಮಿಸ್ತ್ರಿಯನ್ನು ಕೂಗಿದ.

ಜಲಾಲುದ್ದೀನ್ ಮಿಸ್ತ್ರಿ ಕುಡಿಯುತ್ತಿದ್ದ ನೀರಿನ ತಂಬಿಗೆ ಹಿಡಿದೇ ಬಂದ. "ಅರೇ, ಏನಾತು ಭಾಯ್?"

"ಮಿಸ್ತ್ರಿ, ಆ ಬಾಗಲಾ ಯಾರ ಗಾಡೀದು?"

"ದಿಗಂಬರ ಸಾವಕಾರ್ರದು. ಬೇವಿನ ಮರಕ್ಕ ಹೊಡದಿತ್ತಲ್ಲ..." ಎನ್ನುತ್ತ ಮಿಸ್ತ್ರಿ ಒಳಗೆ ನೋಡಿದ. ಮೊಪೆಡ್ಡು ನೋಡಿದ, ಬಾಗಿಲು ನೋಡಿದ. ತಂಬಿಗೆ ಕೆಳಗಿಟ್ಟು ಬಣ್ಣದ ಡ್ರಮ್ಮಿನ ಮೇಲೆ ಕೂತ. "ಯಾ ಅಲ್ಲಾ. ನಾ ಕೇಳಲಿಲ್ಲ ಸಂಘಪಾಲ. ಒಂದು ಮಾತು ಕೇಳಬೇಕಿತ್ತು ನಾನು," ಎಂದ.

ಮರುದಿನ ಸಂಘಪಾಲ ಹುಮನಾಬಾದಿಗೆ ಬಸ್ಸು ಹತ್ತಿ ದಿಗಂಬರ ಸಾವಕಾರರ ಅಡತ ಅಂಗಡಿಗೆ ಹೋದ. ಗಾದಿಯ ಮೇಲೆ ಕೂತಿದ್ದ ಸಾವಕಾರರು ಚಹಾ ತರಿಸಿದರು. ಅವನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿದರು. ಸುಳ್ಳು ಹೇಳಲಿಲ್ಲ.

"ಡ್ರೈವರ್ ಅಳಕೋತ ಫೋನ್ ಮಾಡ್ದ. ನಿಂತ್ರ ಮಂದಿ ಅಂವನ್ನ ಬಡದು ಕೊಲ್ತಿದ್ರು. ನಾನೇ ಹೇಳ್ದೆ, ನಿಂದರಬ್ಯಾಡ, ಬಂದಬಿಡು ಅಂತ. ಆ ಮನಶ್ಯಾ ಸತ್ತಾನಂತ ಅಂವ ಹೇಳ್ದ."

"ಸತ್ತಿದ್ದಿಲ್ರಿ. ನೀರು ಕೇಳಿದ್ದ."

ಕೈಯಲ್ಲಿ ಬಟ್ಟಲು ಹಿಡಿದುಕೊಂಡೇ ಸಾವಕಾರರು ದೇವರ ಹೆಸರು ಹೇಳಿದರು. ಆದರೆ ಅದು ಎಷ್ಟು ಹೊತ್ತು? ಬಟ್ಟಲು ಕೆಳಗಿಟ್ಟು ಧೋತರದ ಚುಂಗಿನಿಂದ ಬಾಯಿ ಒರೆಸಿಕೊಂಡ ಮೇಲೆ ಅವರ ದನಿ ವ್ಯಾಪಾರದ ದನಿಯಾಯಿತು. "ಈಗ ಸುಬೂತು ಏನದ ಹೇಳು. ಗಾಡಿ ಇಲ್ಲ. ಬಣ್ಣ ಬದಲಿ ಮಾಡ್ದಾಂವ ನೀನು. ಬಾಗಲಾ ಉಜ್ಜಿ ಉಜ್ಜಿ ಅಳಿಸಿದಾಂವ ನೀನು. ನಾ ಒಳಗ ಹೋದ್ರ ನನ್ನ ಸಂಗಾಟ ನೀನೂ ಬರ್ತೀ. ನಿನ್ನ ತಂಗಿಗೆ ಗಂಡಂತೂ ಇಲ್ಲ, ಅಣ್ಣನ್ನೂ ಕಳೀತೀಯೇನಪಾ? ವಿಚಾರ ಮಾಡು."

ವಿಚಾರ ಮಾಡಿದ. ಅದೇ ಅವನ ತಪ್ಪು. ಅಂಗಡಿಯಿಂದ ನೆಟ್ಟಗೆ ರಾಜೇಶ್ವರಕ್ಕೆ ಹೋಗಿ ತಂಗಿಗೆ ಹೇಳಬೇಕಾದವನು ಬಸವಕಲ್ಯಾಣದ ಬಸ್ಸು ಹತ್ತಿದ. ಮೀನಾಜ್ ಫೋನು ಮಾಡಿ ತಗಡು ಯಾಕೆ ಬಂದಿಲ್ಲ ಎಂದಳು. ಕಳಿಸಿಬಿಟ್ಟರೆ ಮುಗಿಯಿತು, ಹೈದರಾಬಾದಿನ ಯಾರದೋ ಮನೆಯ ಗೋಡೆಗೆ ಹೋಗಿ ಕೂರುತ್ತದೆ, ಯಾರಿಗೂ ಮಾಲೂಮಾಗುವುದಿಲ್ಲ ಎಂದು ಒಂದು ಮನಸ್ಸು ಹೇಳಿತು. ಸರಿತಾ ಫೋನು ಮಾಡಿ, "ಅಣ್ಣಾ, ಏನರೆ ಖಬರ ಸಿಕ್ತೇನು?" ಎಂದಳು. "ಇಲ್ಲ ತಂಗಿ," ಎಂದ ನಾಚಿಕೆಗೆಟ್ಟವನು. ಫೋನು ಇಟ್ಟ ಮೇಲೆ ತನ್ನ ಬಾಯಿಗೆ ತಾನೇ ಹೊಡೆದುಕೊಂಡ. ಇನ್ನು ತಡೆಯಲಾಗಲಿಲ್ಲ. ಟೆಂಪೋ ಕರೆಸಿ ಬಾಗಿಲು, ಮೊಪೆಡ್ಡು ಎರಡನ್ನೂ ಹೇರಿಕೊಂಡು ರಾಜೇಶ್ವರಕ್ಕೆ ಹೋದ.

ಅಂಗಳದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಹೇಳಿದ. ಲಾರಿ ಯಾರದ್ದೆಂದು ಹೇಳಿದ, ಅದಕ್ಕೆ ಬಿಳಿ ಹೊಡೆದವನು ತಾನೆಂದು ಹೇಳಿದ, ಸಾವಕಾರರು ಅಂದದ್ದನ್ನು ಹೇಳಿದ, ಫೋನಿನಲ್ಲಿ ಸುಳ್ಳಾಡಿದ್ದನ್ನೂ ಹೇಳಿದ. ಸರಿತಾ ನಿಂತೇ ಕೇಳಿದಳು. ಆಮೇಲೆ ಬಾಗಿಲ ಮುಂದೆ ಕೂತು ಆ ನೀಲಿಯ ಮೇಲೆ ಅಂಗೈ ಇಟ್ಟಳು. ಅಷ್ಟು ದಿನ ಅಳದವಳು ಆಗ ಅತ್ತಳು.

"ದಿಗಂಬರ," ಎಂದಳು, ಹೆಸರನ್ನು ಬಾಯಲ್ಲಿ ಹಿಡಿದು ನೋಡುವವಳ ಹಾಗೆ. "ಇಷ್ಟ ದಿನ ಯಾಕ ಹೇಳಲಿಲ್ಲ?"

"ಅಂಜಿದ್ದೆ ತಂಗಿ."

"ಆತು ಬಿಡು. ಈಗರೆ ಹೇಳಿದ್ಯಲ್ಲ." ಕಣ್ಣು ಒರೆಸಿಕೊಂಡು ಎದ್ದು ಸೆರಗು ಹೊದ್ದು ಮನೆಗೆ ಕೀಲಿ ಹಾಕಿದಳು. "ನಡಿ, ಠಾಣೆಗೆ ಹೋಗೂನು."

ಟೆಂಪೋದಲ್ಲಿ ಅವಳು ಅಣ್ಣನ ತೋಳು ಹಿಡಿದು ಕೂತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಹೇಳಿದಳು: "ನೀ ಇದನ್ನ ಉಳಿಸಿದಿ ಅಣ್ಣಾ. ಎಲ್ಲಾ ಅಳಿಸಿ ಇದೊಂದು ಉಳಿಸಿದಿ. ನಿನ್ನ ಮನಸಿಗೆ ಅವಾಗೇ ಏನೋ ಸಂಶೇ ಬಂದಿತ್ತು. ಮಂದಿ ನಿನಗ ಹುಚ್ಚ ಅಂತಾರ, ನೀ ಹುಚ್ಚ ಅಲ್ಲ." ಸಂಘಪಾಲ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ತೋಳಿನ ಮೇಲಿದ್ದ ಅವಳ ಕೈ ಬೆಚ್ಚಗಿತ್ತು, ಅದನ್ನು ಬಿಡಿಸಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

ಠಾಣೆಯ ಜಮಾದಾರರು ವಯಸ್ಸಾದವರು, ತಾಳ್ಮೆಯವರು. ಬಾಗಿಲನ್ನು ಒಳಗೆ ತರಿಸಿ ಮೇಜಿಗೆ ಒರಗಿಸಿದರು. ಮೊಪೆಡ್ಡಿನ ಟ್ಯಾಂಕಿನ ಮೇಲಿದ್ದ ಕಂದು ಬಣ್ಣವನ್ನು ಕನ್ನಡಕ ಸರಿಸಿ ನೋಡಿ, "ಎರಡೂ ಲ್ಯಾಬಿಗೆ ಕಳಿಸೂನು. ಇಷ್ಟರೆ ಉಳದದ, ಪುಣ್ಯಾ," ಎಂದರು. ಸರಿತಾಳ ಮುಖ ಜನವರಿಯಿಂದ ಈಚೆಗೆ ಮೊದಲ ಸಲ ಸಡಿಲವಾಯಿತು. ಜಮಾದಾರರು ಒಂದೊಂದೇ ಪ್ರಶ್ನೆ ಕೇಳುತ್ತ, ಸಂಘಪಾಲ ಹೇಳಿದ್ದನ್ನು ನಿಧಾನವಾಗಿ ಬರೆದುಕೊಳ್ಳುತ್ತ ಹೋದರು. ಬರೆಯುತ್ತ ಬರೆಯುತ್ತ ತಲೆ ಎತ್ತಿದರು.

"ಅಲ್ಲಪಾ, ಒಂದು ತಿಳೀವಲ್ದು. ಬಾಗಲದ ಬಣ್ಣ ಎಲ್ಲಾ ಉಜ್ಜೀದಿ. ಇದೊಂದು ಯಾಕ ಬಿಟ್ಟಿ? ಸಂಶೇ ಬಂದಿತ್ತೇನು?"

ಸರಿತಾ ಅಣ್ಣನ ಮುಖ ನೋಡಿದಳು. ಹೌದು ಎನ್ನು ಎಂದು ಅವಳ ಕಣ್ಣು ಬೇಡುತ್ತಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ತಂಗಿಯ ಪಾಲಿಗೆ ಅವನು ದೇವರಂಥ ಅಣ್ಣನಾಗಿ ಉಳಿಯುತ್ತಿದ್ದ. ಸಂಘಪಾಲ ಬಾಯಿ ತೆರೆದ. ಅಂಜಿ ಸುಳ್ಳಾಡಿದ್ದವನೇ, ಆದರೆ ಬಣ್ಣದ ಮಾತಿನಲ್ಲಿ ಸುಳ್ಳು ಹೇಳಲು ಅವನ ನಾಲಿಗೆ ಏಳಲಿಲ್ಲ.

"ಸಂಶೇ ಬಂದಿದ್ದಿಲ್ರಿ," ಎಂದ. "ಚಂದ ಕಾಣಿಸ್ತು. ಅದಕ್ಕ ಬಿಟ್ಟೆ."

ಸರಿತಾ ಮೇಜಿಗೆ ಒರಗಿದ್ದ ಬಾಗಿಲ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಅಣ್ಣನ ಕೆಲಸವನ್ನು ಅವಳು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

"ಮೊದಲ ಇಷ್ಟೇ ಇತ್ತೇನು ನೀಲಿ?" ಎಂದು ಕೇಳಿದಳು.

"ಇಲ್ಲ. ಮೊಳದುದ್ದ ಇತ್ತು."

"ಉಳಿದದ್ದು?"

"ಉಜ್ಜಿದೆ."

"ಯಾಕ?"

ಸಂಘಪಾಲ ನೆಲ ನೋಡಿದ. "ಜಾಸ್ತಿ ಆಗಿತ್ತು ತಂಗಿ. ಅಷ್ಟು ಬ್ಯಾಡಾಗಿತ್ತು ಅದರಾಗ."

ಅವಳು ಕೂತಿದ್ದ ಕುರ್ಚಿಯನ್ನು ಅವನಿಂದ ಇಷ್ಟು ದೂರ ಸರಿಸಿಕೊಂಡಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಜಮಾದಾರರ ಕಡೆ ತಿರುಗಿದಳು.

"ಸಾಹೇಬ್ರ, ದಿಗಂಬರನ ಹೆಸರ ಕೆಳಗ ಇನ್ನೊಂದು ಹೆಸರು ಬರೀರಿ," ಎಂದಳು. "ನಮ್ಮಣ್ಣಂದು."